ಮನೆಗೆ ಎಷ್ಟು ಸಿಮೆಂಟ್ ಬೇಕು?



ಧಾರವಾಡ ಜಿಲ್ಲೆಯ ಪೂರ್ವಕ್ಕೆ ಒಂದು ಬಗೆಯ ಮನೆ, ಪಶ್ಚಿಮಕ್ಕೆ ಇನ್ನೊಂದು ಬಗೆಯ ಮನೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಎರೆ ಭೂಮಿ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಅಲ್ಲಿಯ ಹಳೆಯ ಮನೆಗಳಿಗೆ ಎರಡು ಅಡಿಗೂ ಮೀರಿದ ದಪ್ಪ ಗೋಡೆ, ಮೇಲೆ ತೊಲೆ, ಜಂತಿ, ಜಂತಿಯ ಮೇಲೆ ಮಣ್ಣಿನ ಮೇಲ್ಮುದ್ದೆ, ಒಳಗೆ ಬೆಳಕು ಬೀಳಲು ಬೆಳಕಿಂಡಿ. ಹುಬ್ಬಳ್ಳಿ ದಾಟಿ ಕಲಘಟಗಿಯ ಹಾದಿ ಹಿಡಿದರೆ ಭೂಮಿ ಮಸಾರಿಯಾಗುತ್ತದೆ, ಮಳೆ ಜೋರಾಗುತ್ತದೆ, ಕಾಡು ಹತ್ತಿರ ಬರುತ್ತದೆ. ದೇವಿಕೊಪ್ಪ, ತಂಬೂರು, ಮಿಶ್ರಿಕೋಟಿಯ ಹಳೆಯ ಓಣಿಗಳಲ್ಲಿ ಇಳಿಜಾರಿನ ಹೆಂಚಿನ ಮನೆ, ಮುಂದೆ ಕಟ್ಟೆ, ಗೋಡೆಯನ್ನು ದಾಟಿ ಚೆನ್ನಾಗಿ ಹೊರಚಾಚಿದ ಸೂರು.

ಈ ವ್ಯತ್ಯಾಸವನ್ನು ಯಾವ ಎಂಜಿನಿಯರೂ ಕಾಗದದ ಮೇಲೆ ಬರೆದುಕೊಟ್ಟದ್ದಲ್ಲ. ಮಣ್ಣು ಮತ್ತು ಮಳೆ ಕಲಿಸಿದ್ದನ್ನು ಜನ ಗೋಡೆಗೆ ಇಳಿಸಿದ್ದರು. ಎರೆ ಸೀಮೆಯಲ್ಲಿ ಮಳೆಗಾಲ ಹಿಡಿಯುವ ಮುಂಚೆ ಮಾಳಿಗೆಯ ಮೇಲೆ ಸವಳು ಮಣ್ಣು ಹೊದಿಸುವ ರೂಢಿಯನ್ನೇ ನೋಡಿ. ಸವಳು ನೆಲದಲ್ಲಿ ಬೆಳೆ ಬರುವುದಿಲ್ಲ; ಸೋಡಿಯಂ ಹೆಚ್ಚಾದ ಅಲ್ಲಿಯ ಜೇಡಿ ನೀರು ತಾಗಿದೊಡನೆ ನುಣ್ಣಗೆ ಹರಡಿಕೊಂಡು ಮಣ್ಣಿನ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತದೆ. ಬೇರಿಗೆ ಗಾಳಿ ನೀರು ಸಿಗದಂತೆ ಮಾಡುವ ಆ ಗುಣವೇ ಮಾಳಿಗೆಯ ಮೇಲೆ ಮಳೆನೀರು ಕೆಳಗಿಳಿಯದಂತೆ ತಡೆಯುತ್ತದೆ. ಹೊಲದ ಕೆಡುಕನ್ನು ಮನೆಯ ಒಳಿತಿಗೆ ಬಳಸಿಕೊಂಡ ಜಾಣತನ ಇದು.

ಇವತ್ತು ನವಲಗುಂದದಲ್ಲಿ ಕಟ್ಟುವ ಹೊಸ ಮನೆಗೂ ಕಲಘಟಗಿಯಲ್ಲಿ ಕಟ್ಟುವ ಹೊಸ ಮನೆಗೂ ಏನೂ ಫರಕಿಲ್ಲ. ಎರಡೂ ಕಡೆ ಕಾಂಕ್ರೀಟಿನ ಕಂಬ, ಸಿಮೆಂಟ್ ಇಟ್ಟಂಗಿಯ ತೆಳು ಗೋಡೆ, ಮೇಲೆ ಸಪಾಟು ಸ್ಲ್ಯಾಬು. ಸ್ಲ್ಯಾಬು ಹಾಕಲು ಹಣ ಸಾಲದಿದ್ದರೆ ಪತ್ರಾಸು ಇಲ್ಲವೆ ಸಿಮೆಂಟ್ ಶೀಟು. ಮಳೆ ಹೆಚ್ಚಿರುವ ಊರಿಗೂ ಬಿಸಿಲು ಹೆಚ್ಚಿರುವ ಊರಿಗೂ ಒಂದೇ ನಕ್ಷೆ. ಇದರಿಂದ ನೆಲಕ್ಕೆ, ನೀರಿಗೆ, ನಮ್ಮ ಶ್ವಾಸಕೋಶಕ್ಕೆ ಬೀಳುವ ಬೆಲೆ ಎಷ್ಟು, ಅದನ್ನು ತಗ್ಗಿಸುವ ದಾರಿ ಯಾವುದು ಎಂಬುದು ಇವತ್ತಿನ ಮಾತು.

ಸಿಮೆಂಟಿನಿಂದಲೇ ಶುರು ಮಾಡೋಣ. ನಮ್ಮ ರಾಜ್ಯದಲ್ಲಿ ಅದರ ತವರು ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡ, ಹಾಗೆಯೇ ಬಾಗಲಕೋಟೆಯ ಸುಣ್ಣಕಲ್ಲಿನ ಪ್ರದೇಶ. ಸುಣ್ಣದ ಕಲ್ಲನ್ನು ಜೇಡಿಯ ಜೊತೆ ಅರೆದು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಅಷ್ಟು ಶಾಖಕ್ಕೆ ಕಲ್ಲಿದ್ದಲಿನಂಥ ಇಂಧನ ಬೇಕು. ಅದರ ಹೊಗೆ ಒಂದು ಕಡೆ. ಇನ್ನೊಂದು ಕಡೆ ಕಲ್ಲೇ ಹೊರಬಿಡುವ ಅನಿಲವಿದೆ. 100 ಕಿಲೊ ಶುದ್ಧ ಸುಣ್ಣದ ಕಲ್ಲು ಸುಟ್ಟರೆ 56 ಕಿಲೊ ಸುಣ್ಣ ಉಳಿದು, 44 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಕುಲುಮೆಯನ್ನು ಸೂರ್ಯನ ಶಾಖದಿಂದಲೇ ಉರಿಸಿದರೂ ಈ 44 ಕಿಲೊ ತಪ್ಪುವುದಿಲ್ಲ, ಏಕೆಂದರೆ ಅದು ಕಲ್ಲಿನ ಒಳಗೇ ಅಡಗಿರುವಂಥದ್ದು. ಜಗತ್ತಿನಲ್ಲಿ ಮನುಷ್ಯರ ಚಟುವಟಿಕೆಯಿಂದ ಗಾಳಿ ಸೇರುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟಿನದೇ. ಸಿಮೆಂಟ್ ತಯಾರಿಕೆಯಲ್ಲಿ ಚೀನಾದ ನಂತರದ ಸ್ಥಾನ ಭಾರತದ್ದು.

ಇದು ದೂರದ ಲೆಕ್ಕ ಅನಿಸಿದರೆ ಹತ್ತಿರದ ಲೆಕ್ಕ ಹಾಕೋಣ. ಕಾಂಕ್ರೀಟಿನ ಮನೆಗೆ ಒಂದು ಚದರ ಅಡಿಗೆ ಸುಮಾರು 0.4 ಚೀಲ ಸಿಮೆಂಟ್ ಎಂಬುದು ಗುತ್ತಿಗೆದಾರರ ರೂಢಿಯ ಅಂದಾಜು. 600 ಚದರ ಅಡಿಯ ಸಣ್ಣ ಮನೆಗೆ 240 ಚೀಲ, ಅಂದರೆ 12 ಟನ್. ಒಂದು ಟನ್ ಸಿಮೆಂಟಿಗೆ ಅರ್ಧ ಟನ್ನಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹಾಗಾದರೆ ಆ ಒಂದು ಮನೆಯ ಬಾಬ್ತು ಆರು ಟನ್ನಿಗೆ ಕಡಿಮೆ ಇಲ್ಲ. ಉಕ್ಕು, ಇಟ್ಟಂಗಿ, ಟೈಲ್ಸು, ಲಾರಿಯ ಡೀಸೆಲ್ಲು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಸಿಮೆಂಟಿನ ಜೊತೆ ಉಸುಕು ಬೇಕು, ಖಡಿ ಬೇಕು. ನದಿಯ ತಳದ ಉಸುಕು ನೀರನ್ನು ಹಿಡಿದಿಟ್ಟು ದಂಡೆಯ ಬಾವಿ, ಬೋರುಗಳಿಗೆ ನಿಧಾನವಾಗಿ ಇಳಿಸುತ್ತದೆ. ಉಸುಕು ತೆಗೆದ ಮೇಲೆ ಹೊಳೆಯ ತಳ ಕೆಳಗಿಳಿಯುತ್ತದೆ, ದಂಡೆ ಕುಸಿಯುತ್ತದೆ, ಮಳೆಗಾಲ ಮುಗಿದ ಕೆಲವೇ ದಿನಗಳಲ್ಲಿ ಪಾತ್ರ ಒಣಗುತ್ತದೆ. ತುಂಗಭದ್ರೆಯ ದಂಡೆಯ ರೈತರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕಲಘಟಗಿಯವರಿಗೆ ಬೇಡ್ತಿ ಇದೆ. ಧಾರವಾಡದ ಹತ್ತಿರ ಶಾಲ್ಮಲೆಯಾಗಿ ಹುಟ್ಟಿದ ನೀರು ನಮ್ಮ ತಾಲ್ಲೂಕನ್ನು ದಾಟಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಸಮುದ್ರ ಸೇರುತ್ತದೆ. ಅಲ್ಲಿಯವರೆಗೆ ಈ ಹೊಳೆಯನ್ನು ನಂಬಿದ ಜನರಿಗೆಲ್ಲ ಮೇಲ್ಮುಖದಲ್ಲಿ ನಾವಿದ್ದೇವೆ. ನದಿ ಉಸುಕಿಗೆ ಬದಲು ಬಂದ ಎಂ-ಸ್ಯಾಂಡ್ ಹೊಳೆಯನ್ನು ಉಳಿಸುತ್ತದೆ, ನಿಜ. ಆದರೆ ಅದು ಗುಡ್ಡವನ್ನು ಒಡೆದು ಪುಡಿ ಮಾಡಿದ್ದು. ಖಡಿ ಮಷೀನಿನ ಸುತ್ತಲಿನ ಹೊಲದಲ್ಲಿ ಬೆಳೆಯ ಎಲೆಯ ಮೇಲೆ ಕೂತ ಬೂದು ಪುಡಿಯನ್ನು ನೋಡಿದವರಿಗೆ ಅದರ ಬೆಲೆಯೂ ಗೊತ್ತು.

ಸುಟ್ಟ ಇಟ್ಟಂಗಿಯದು ಬೇರೆ ಕಥೆ. ಒಂದು ಇಟ್ಟಂಗಿ ಸುಮಾರು ಮೂರು ಕಿಲೊ ತೂಗುತ್ತದೆ. ಸಾವಿರ ಇಟ್ಟಂಗಿಗೆ ಮೂರು ಟನ್ ಮಣ್ಣು. ಭಟ್ಟಿಗೆ ಹೋಗುವುದು ಬಹಳ ಸಲ ಹೊಲದ ಮೇಲ್ಮಣ್ಣೇ. ಆ ಮಣ್ಣು ಹುಟ್ಟಲು ನೂರಾರು ವರ್ಷ ಬೇಕು, ಭಟ್ಟಿಯಲ್ಲಿ ಸುಡಲು ಕೆಲವು ದಿನ ಸಾಕು.

ಇನ್ನು ಆರೋಗ್ಯದ ಮಾತು. ಮೊದಲು ಕಟ್ಟುವವರದ್ದು, ಆಮೇಲೆ ಇರುವವರದ್ದು.

ಕಲ್ಲು, ಉಸುಕು, ಕಾಂಕ್ರೀಟು, ಗ್ರಾನೈಟು ಇವೆಲ್ಲದರಲ್ಲಿ ಸಿಲಿಕಾ ಇರುತ್ತದೆ. ಕಟರ್ ಹಿಡಿದು ಟೈಲ್ಸು ಕೊಯ್ಯುವಾಗ, ವೈರಿಂಗಿಗಾಗಿ ಗೋಡೆ ಕೊರೆಯುವಾಗ ಏಳುವ ಬಿಳಿ ಧೂಳಿನಲ್ಲಿ ಕಣ್ಣಿಗೆ ಕಾಣುವ ಕಣಗಳಿಗಿಂತ ಕಾಣದ ಕಣಗಳೇ ಅಪಾಯಕಾರಿ. ಅವು ಕೆಮ್ಮಿದರೂ ಹೊರಬಾರದಷ್ಟು ಆಳಕ್ಕೆ ಇಳಿದು ಶ್ವಾಸಕೋಶದಲ್ಲಿ ಗಾಯದ ಗುರುತುಗಳನ್ನು ಮಾಡುತ್ತವೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಒಮ್ಮೆ ಬಂದರೆ ವಾಸಿಯಾಗುವುದಿಲ್ಲ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಾಧ್ಯತೆ ಹೆಚ್ಚು. ಎರಡರ ಲಕ್ಷಣಗಳೂ ಒಂದನ್ನೊಂದು ಹೋಲುವುದರಿಂದ ಸಿಲಿಕೋಸಿಸ್ಸನ್ನೇ ಕ್ಷಯ ಎಂದುಕೊಂಡು ಔಷಧ ಕೊಡುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1997ರಲ್ಲೇ ಸ್ಫಟಿಕ ಸಿಲಿಕಾ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಇದನ್ನು ತಡೆಯುವ ಮೊದಲ ಉಪಾಯ ಬಹಳ ಸರಳ: ಕೊಯ್ಯುವ ಜಾಗಕ್ಕೆ ನೀರು ಬಿಡುತ್ತಾ ಕೊಯ್ಯುವುದು. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಈ ಸಣ್ಣ ಕಣಗಳು ನಿಲ್ಲುವುದಿಲ್ಲ. ಸರಿಯಾದ ಮಾಸ್ಕ್ ಬೇಕು.

ಹಸಿ ಸಿಮೆಂಟ್ ತೀವ್ರ ಕ್ಷಾರ. ಬರಿಗೈಯಲ್ಲಿ ಕಲಸುವವರ, ಬುಟ್ಟಿ ಹೊರುವ ಹೆಣ್ಣುಮಕ್ಕಳ ಬೆರಳ ಸಂದು ಬಿರಿಯುವುದು, ತುರಿಕೆ ಏಳುವುದು ಇದರಿಂದ. ಸಿಮೆಂಟಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಒಂದು ಬಗೆಯ ಕ್ರೋಮಿಯಂ ಚರ್ಮಕ್ಕೆ ಅಲರ್ಜಿ ಹಚ್ಚುತ್ತದೆ. ಯುರೋಪಿನ ಒಕ್ಕೂಟದಲ್ಲಿ 2005ರಿಂದ ಅದಕ್ಕೆ ಮಿತಿ ಹಾಕಿದ್ದಾರೆ. ನಮ್ಮಲ್ಲಿ ಕೈಗವಸೇ ಅಪರೂಪ.

ಮನೆಯೊಳಗೆ ಇರುವವರ ಕಡೆಗೆ ಬರೋಣ. ನಾವು ಸಿಮೆಂಟ್ ಶೀಟು ಎನ್ನುವ ಬೂದು ಬಣ್ಣದ ಅಲೆಅಲೆಯ ಹೊದಿಕೆಗಳಲ್ಲಿ ಬಹಳಷ್ಟು ಕಲ್ನಾರಿನವು, ಅಂದರೆ ಆಸ್ಬೆಸ್ಟಾಸಿನವು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಹತ್ತಾರು ದೇಶಗಳು ಅದನ್ನು ಪೂರ್ತಿ ನಿಷೇಧಿಸಿವೆ. ನಮ್ಮ ದೇಶದಲ್ಲಿ ಹೊರಗಿನಿಂದ ತಂದ ಕಲ್ನಾರಿನಿಂದ ಶೀಟು ತಯಾರಾಗುತ್ತಲೇ ಇದೆ. ಗಟ್ಟಿಯಾಗಿ ಕೂತ ಶೀಟಿನಿಂದ ಅಷ್ಟು ಭಯವಿಲ್ಲ. ಅದನ್ನು ಗರಗಸದಿಂದ ಕೊಯ್ದಾಗ, ತೂತು ಕೊರೆದಾಗ, ಒಡೆದ ಚೂರುಗಳನ್ನು ಹಿತ್ತಲಲ್ಲಿ ತುಳಿದಾಡಿದಾಗ ನಾರು ಗಾಳಿಗೆ ಏಳುತ್ತದೆ. ಅದರ ರೋಗ ತಲೆಯೆತ್ತಲು ಇಪ್ಪತ್ತು, ಮೂವತ್ತು ವರ್ಷ ಬೇಕು. ಅಷ್ಟು ಹೊತ್ತಿಗೆ ಕಾರಣವನ್ನೇ ಮರೆತಿರುತ್ತೇವೆ. ಈಗಾಗಲೇ ಇರುವ ಶೀಟನ್ನು ತೆಗೆಯಬೇಕಾದರೆ ನೀರು ಹೊಡೆದು ನೆನೆಸಿ, ಒಡೆಯದೆ ಇಳಿಸಿ. ಹೊಸದಾಗಿ ತರುವುದಿದ್ದರೆ ಕಲ್ನಾರು ಇಲ್ಲದ್ದನ್ನೇ ಕೇಳಿ ತನ್ನಿ.

ಬಣ್ಣದ ವಿಷಯ. ಕಲಘಟಗಿ ಎಂದರೆ ನಾಡಿಗೆಲ್ಲ ತೊಟ್ಟಿಲು ನೆನಪಾಗುತ್ತದೆ. ಸಾಗವಾನಿ ಕಟ್ಟಿಗೆಯ ಮೇಲೆ ದೇವರ ಚಿತ್ರ ಬರೆದು, ತಲೆಮಾರು ಬಾಳುವಂತೆ ಮಾಡಿಕೊಡುವ ಚಿತ್ರಗಾರ ಮನೆತನದವರು ಈ ಊರಿಗೆ ಹೆಸರು ತಂದವರು. ಆ ತೊಟ್ಟಿಲನ್ನು ತೂಗುವ ಕೋಣೆಯ ಗೋಡೆ, ಕಿಡಕಿ, ಬಾಗಿಲಿಗೆ ಬಳಿದ ಬಣ್ಣದಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ನಮ್ಮ ದೇಶದಲ್ಲಿ 2017ರ ನವೆಂಬರ್ 1ರಿಂದ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರುವಂತಿಲ್ಲ ಎಂಬ ನಿಯಮ ಜಾರಿಯಾಗಿದೆ. ಡಬ್ಬಿಯ ಮೇಲೆ ಹಾಗೆಂದು ಬರೆದಿರಬೇಕು, ಓದಿ ಕೊಳ್ಳಿ. ಹಳೆಯ ಬಾಗಿಲಿನ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿ ತೆಗೆಯುವಾಗ ಮಕ್ಕಳನ್ನೂ ಬಸುರಿಯರನ್ನೂ ದೂರ ಇಡಿ.

ಸೆಕೆಯೂ ಆರೋಗ್ಯದ ಪ್ರಶ್ನೆಯೇ. ಸಪಾಟು ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನು ಕೋಣೆಯೊಳಗೆ ಬಿಡುತ್ತದೆ. ಪತ್ರಾಸಿನ ಮನೆಯಂತೂ ಮಧ್ಯಾಹ್ನ ಕಾದ ಹಂಚೇ. ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸುತ್ತದೆ. ಮುದುಕರು, ಬಾಣಂತಿಯರು, ಎಳೆಗೂಸುಗಳು ದಿನದ ಹೆಚ್ಚಿನ ಹೊತ್ತು ಇರುವುದು ಅಲ್ಲಿಯೇ.

ಹಾಗಾದರೆ ಮಾಡುವುದೇನು? ಸಿಮೆಂಟನ್ನು ಬಿಟ್ಟೇಬಿಡಿ ಎಂದು ನಾನು ಹೇಳುತ್ತಿಲ್ಲ. ಅಡಿಗೆಯಲ್ಲಿ ಉಪ್ಪು ಎಷ್ಟು ಬೇಕೋ ಮನೆಯಲ್ಲಿ ಸಿಮೆಂಟ್ ಅಷ್ಟು ಬೇಕು. ಎಲ್ಲಿ ಬೇಕು, ಎಲ್ಲಿ ಬೇಡ ಎಂಬ ಹದ ತಪ್ಪಿದ್ದೇ ನಮ್ಮ ತೊಂದರೆ.

ಈ ಹದವನ್ನು ಹುಡುಕುವ ಕೆಲಸ ನಮ್ಮ ರಾಜ್ಯದಲ್ಲೇ ಐವತ್ತು ವರ್ಷದ ಹಿಂದೆ ಶುರುವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಹಳ್ಳಿಗಳಿಗೆ ವಿಜ್ಞಾನ ಒಯ್ಯುವುದು ಅದರ ಗುರಿ. ನಮ್ಮ ತಾಯಂದಿರು ಬಲ್ಲ ಅಸ್ತ್ರ ಒಲೆ ಅಲ್ಲಿಯದೇ. ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಹಳ್ಳಿಯಲ್ಲಿ ಅದರ ಪ್ರಯೋಗ ಕೇಂದ್ರವಿತ್ತು. ಅದೇ ಬಳಗದ ಪ್ರೊಫೆಸರ್ ಕೆ.ಎಸ್. ಜಗದೀಶ್, ಪ್ರೊಫೆಸರ್ ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಮಣ್ಣಿನ ಮನೆಯ ಹಿಂದೆ ಬಿದ್ದರು. ಕೈಯಿಂದ ಒತ್ತುವ 'ಮರ್ದಿನಿ' ಎಂಬ ಯಂತ್ರ ಬಂತು. ಮಣ್ಣಿಗೆ ಶೇಕಡಾ 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಸ್ವಲ್ಪ ತೇವ ಮಾಡಿ, ಯಂತ್ರದಲ್ಲಿ ಒತ್ತಿದರೆ ಒತ್ತುಮಣ್ಣಿನ ಇಟ್ಟಂಗಿ ತಯಾರು. ಸುಡುವ ಕೆಲಸವೇ ಇಲ್ಲ. ಮೂರು ವಾರ ನೀರು ಚಿಮುಕಿಸುತ್ತಾ ನೆರಳಲ್ಲಿ ಹದ ಮಾಡಿದರೆ ಸಾಕು. ಗೋಡೆಯ ಸಾಮಗ್ರಿಗಳಲ್ಲಿ ಇದಕ್ಕೆ ತಗಲುವ ಶಕ್ತಿ ಸುಟ್ಟ ಇಟ್ಟಂಗಿಯ ನಾಲ್ಕನೇ ಒಂದು ಭಾಗ ಎಂದು ಇವರಿಬ್ಬರ 2003ರ ಅಧ್ಯಯನ ತೋರಿಸಿತು. ಇಂಥ ಇಟ್ಟಂಗಿಗೆ ಐಎಸ್ 1725 ಎಂಬ ಭಾರತೀಯ ಮಾನದಂಡವೂ ಇದೆ. ಬೆಂಗಳೂರಿನಲ್ಲಿ ಚಿತ್ರಾ ವಿಶ್ವನಾಥ್ ಅವರಂಥ ವಾಸ್ತುಶಿಲ್ಪಿಗಳು ಮಣ್ಣಿನಲ್ಲೇ ನೂರಾರು ಕಟ್ಟಡ ಕಟ್ಟಿದ್ದಾರೆ. ಇವುಗಳಲ್ಲಿ ಇರುವವರು ಬಡತನದಿಂದಾಗಿ ಮಣ್ಣನ್ನು ಆರಿಸಿಕೊಂಡವರಲ್ಲ.

ಇದಕ್ಕೆ ಎಂಥ ಮಣ್ಣು ಬೇಕು? ಇಲ್ಲಿ ಕಲಘಟಗಿಯ ಮಸಾರಿಗೆ ಒಂದು ಅನುಕೂಲವಿದೆ. ಉಸುಕಿನ ಅಂಶ ಶೇಕಡಾ 65ರಿಂದ 75, ಜೇಡಿಯ ಅಂಶ ಶೇಕಡಾ 10ರಿಂದ 15 ಇದ್ದರೆ ಉತ್ತಮ. ಮೇಲಿನ ಫಲವತ್ತಾದ ಮಣ್ಣನ್ನು ಬದಿಗಿಟ್ಟು, ಬುನಾದಿ ಅಗೆಯುವಾಗ ಕೆಳಗೆ ಸಿಗುವ ಮಣ್ಣನ್ನು ತೆಗೆದುಕೊಳ್ಳಬೇಕು. ಪರೀಕ್ಷೆಗೆ ಗಾಜಿನ ಬಾಟಲಿ ಸಾಕು. ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ, ಚೆನ್ನಾಗಿ ಕುಲುಕಿ ಒಂದು ದಿನ ಅಲುಗಿಸದೆ ಇಡಿ. ತಳದಲ್ಲಿ ಉಸುಕು, ಅದರ ಮೇಲೆ ಮೆಕ್ಕಲು, ಎಲ್ಲಕ್ಕೂ ಮೇಲೆ ಜೇಡಿ ಪದರಪದರವಾಗಿ ಕೂರುತ್ತದೆ. ಜೇಡಿ ಹೆಚ್ಚಿದ್ದರೆ ಉಸುಕನ್ನೋ ಕಲ್ಲಿನ ಪುಡಿಯನ್ನೋ ಬೆರೆಸಿ ಸರಿಮಾಡಿಕೊಳ್ಳಬಹುದು. ನವಲಗುಂದದ ಎರೆ ಮಣ್ಣಿಗೆ ಈ ಮಾತು ಹೊಂದುವುದಿಲ್ಲ. ಎರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕಾಲು ಹೋಗುವಷ್ಟು ಬಿರಿಯುತ್ತದೆ. ಸಿಮೆಂಟಿನ ಜೊತೆ ಸರಿಯಾಗಿ ಕೂಡುವುದಿಲ್ಲ, ಅದಕ್ಕೆ ಸುಣ್ಣ ಬೇಕು. ಅಲ್ಲಿ ಬುನಾದಿಯೇ ದೊಡ್ಡ ಸವಾಲು: ಎರೆಯನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡಬೇಕು, ಇಲ್ಲವೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ರೂಪಿಸಿದ, ತಳದಲ್ಲಿ ಉಬ್ಬಿರುವ ಕಾಂಕ್ರೀಟಿನ ಕಂಬಗಳನ್ನು ಇಳಿಸಬೇಕು. ಸಿಮೆಂಟ್ ಖರ್ಚು ಮಾಡಬೇಕಾದ ಜಾಗ ಅದು.

ಚಾವಣಿಯ ಮಾತು. ಕೇರಳದಲ್ಲಿ ನೆಲೆ ನಿಂತ ವಾಸ್ತುಶಿಲ್ಪಿ ಲಾರಿ ಬೇಕರ್ ಅವರ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಇಂಗ್ಲೆಂಡಿನಲ್ಲಿ 1917ರಲ್ಲಿ ಹುಟ್ಟಿ 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡ ಅವರು ಬಡವರ ಮನೆಗಾಗಿ ಬದುಕು ಸವೆಸಿದವರು. ಅವರು ರೂಢಿಗೆ ತಂದ ಒಂದು ವಿಧಾನ ಕಲಘಟಗಿಗೆ ಹೇಳಿ ಮಾಡಿಸಿದಂತಿದೆ. ಸ್ಲ್ಯಾಬಿನ ಕೆಳಭಾಗದಲ್ಲಿರುವ ಕಾಂಕ್ರೀಟು ಭಾರ ಹೊರುವುದಿಲ್ಲ, ಕಬ್ಬಿಣವನ್ನು ಹಿಡಿದಿಡುತ್ತದೆ ಅಷ್ಟೇ. ಆದ್ದರಿಂದ ಕಬ್ಬಿಣದ ಸರಳುಗಳ ನಡುವಿನ ಜಾಗದಲ್ಲಿ ಹಳೆಯ ಮಂಗಳೂರು ಹೆಂಚುಗಳನ್ನು ಜೋಡಿಸಿ ಮೇಲೆ ಕಾಂಕ್ರೀಟು ಹಾಕುತ್ತಾರೆ. ಕಾಂಕ್ರೀಟು ಉಳಿಯುತ್ತದೆ, ಸ್ಲ್ಯಾಬು ಹಗುರವಾಗುತ್ತದೆ, ಹೆಂಚುಗಳ ನಡುವಿನ ಗಾಳಿ ಬಿಸಿಲನ್ನು ತಡೆಯುತ್ತದೆ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹೆಂಚು ಘಟ್ಟ ಹತ್ತಿ ನಮ್ಮ ಕಡೆಗೂ ಬಂತು. ಹಳೆಯ ಮನೆ ಕೆಡವಿದಾಗ ಅವು ರಸ್ತೆ ಬದಿಯಲ್ಲಿ ರಾಶಿ ಬೀಳುತ್ತವೆ. ಹೊಸ ಸ್ಲ್ಯಾಬಿನೊಳಗೆ ಅವು ಕೂತರೆ ಕಸವೂ ಇಲ್ಲ, ಖರ್ಚೂ ಕಡಿಮೆ. ಈ ಸ್ಲ್ಯಾಬಿಗೆ ಮಾತ್ರ ಬಲ್ಲ ಎಂಜಿನಿಯರರ ಲೆಕ್ಕ ಬೇಕು, ಅಂದಾಜಿನಲ್ಲಿ ಹಾಕುವಂತಿಲ್ಲ. ಹೆಂಚಿನ ಇಳಿಜಾರು ಚಾವಣಿಯೇ ಇರಲಿ ಎನ್ನುವವರು ಹುಳ ತಿಂದ ಜಂತಿಯ ಬದಲು ಕಬ್ಬಿಣದ ಪೈಪು ಹಾಕಿ ಅದೇ ಹೆಂಚನ್ನು ಮರಳಿ ಹೊದಿಸಬಹುದು. ನಮ್ಮ ಮಳೆಗೆ ಅದಕ್ಕಿಂತ ಒಳ್ಳೆಯ ಚಾವಣಿ ಇನ್ನೂ ಬಂದಿಲ್ಲ.

ಸಿಮೆಂಟ್ ಬೇಕೇಬೇಕಾದ ಕಡೆಯೂ ಆರಿಸಿಕೊಳ್ಳುವ ಅವಕಾಶವಿದೆ. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಹಾರುಬೂದಿಯಂಥದ್ದನ್ನು ಬೆರೆಸಿದ ಪಿಪಿಸಿ ಸಿಮೆಂಟ್, ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆಸಿದ ಸ್ಲ್ಯಾಗ್ ಸಿಮೆಂಟ್ ಅಂಗಡಿಯಲ್ಲಿ ಸಿಗುತ್ತವೆ. ಇವುಗಳಲ್ಲಿ ಸುಟ್ಟ ಸುಣ್ಣಕಲ್ಲಿನ ಪಾಲು ಕಡಿಮೆ, ಆದ್ದರಿಂದ ಇಂಗಾಲವೂ ಕಡಿಮೆ. ಸುಟ್ಟ ಜೇಡಿ ಮತ್ತು ಸುಡದ ಸುಣ್ಣಕಲ್ಲನ್ನು ಬೆರೆಸುವ ಹೊಸ ಬಗೆಯ ಸಿಮೆಂಟಿಗೂ 2023ರಲ್ಲಿ ಭಾರತೀಯ ಮಾನದಂಡ ಬಂದಿದೆ. ಗಿಲಾಯಿಗೆ, ಗೋಡೆ ಕಟ್ಟಲು ಇಂಥವು ಧಾರಾಳ ಸಾಕು.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. "ಮಣ್ಣಿನ ಗ್ವಾಡಿ ಮಳಿಗೆ ಬೀಳತಾವರೀ, ಕಣ್ಣಾರೆ ನೋಡೇವಲ್ಲ" ಎನ್ನುತ್ತೀರಿ. ನಿಜ. 2019ರ ಆಗಸ್ಟಿನ ಮಳೆಗೆ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮನೆ ಕುಸಿದವು. ನಮ್ಮ ಜಿಲ್ಲೆಯಲ್ಲೂ ಬಿದ್ದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ ಐದು ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಆದರೆ ಅದೇ 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಾಂಕ್ರೀಟಿನ ಕಟ್ಟಡ ಕುಸಿದು 19 ಜನ ಸತ್ತರು. ಆ ದಿನ ಮಳೆಯೂ ಇರಲಿಲ್ಲ, ಮಣ್ಣಿನ ಗೋಡೆಯೂ ಇರಲಿಲ್ಲ. ಸರಿಯಾಗಿ ಕಟ್ಟದ, ಸರಿಯಾಗಿ ನೋಡಿಕೊಳ್ಳದ ಮನೆ ಯಾವ ಸಾಮಾನಿನದಾದರೂ ಬೀಳುತ್ತದೆ. ಯೆಮೆನ್ ದೇಶದ ಶಿಬಾಮ್ ಊರಿನಲ್ಲಿ ಹಸಿ ಇಟ್ಟಂಗಿಯ ಬಹುಮಹಡಿ ಮನೆಗಳು ಹದಿನಾರನೇ ಶತಮಾನದಿಂದ ನಿಂತಿವೆ. ಅಲ್ಲಿ ಮಳೆ ಕಡಿಮೆ ಎಂಬುದು ನಿಜ; ಆದರೆ ಅಲ್ಲಿಯ ಜನ ಗೋಡೆಗೆ ಮತ್ತೆ ಮತ್ತೆ ಮಣ್ಣು ಮೆತ್ತುತ್ತಾ ಬಂದಿದ್ದಾರೆ ಎಂಬುದೂ ನಿಜ.

ನಮ್ಮ ಮಣ್ಣಿನ ಗೋಡೆಗಳು ಬೀಳುವುದಕ್ಕೆ ಎರಡು ಕಾರಣಗಳನ್ನು ನಾವೇ ಮಾಡಿಕೊಂಡಿದ್ದೇವೆ. ಮೊದಲನೆಯದು ಸಿಮೆಂಟಿನ ಗಿಲಾಯಿ. ಮಣ್ಣಿನ ಗೋಡೆ ತೇವವನ್ನು ಹೀರುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಚೆಂದ ಕಾಣಲೆಂದು ಅದರ ಮೇಲೆ ಸಿಮೆಂಟ್ ಬಳಿದರೆ ಒಳಗೆ ಹೋದ ನೀರಿಗೆ ಹೊರಬರುವ ದಾರಿ ಇರುವುದಿಲ್ಲ. ಸಿಮೆಂಟಿನ ಸಣ್ಣ ಬಿರುಕಿನಲ್ಲಿ ನೀರು ಇಳಿಯುತ್ತಲೇ ಇರುತ್ತದೆ. ಹೊರಗಿನಿಂದ ಗೋಡೆ ಗಟ್ಟಿಯಾಗಿ ಕಾಣುವಾಗಲೇ ಒಳಗೆ ಅದು ಕೆಸರಾಗಿರುತ್ತದೆ. ಒಂದು ದಿನ ಗಿಲಾಯಿಯ ಸಮೇತ ಕಳಚಿ ಬೀಳುತ್ತದೆ. ಮಣ್ಣಿನ ಗೋಡೆಗೆ ಮಣ್ಣು ಮತ್ತು ಹೊಟ್ಟಿನ ಗಿಲಾಯಿ ಹಾಕಿ, ಇಲ್ಲವೆ ಸುಣ್ಣದ ಗಾರೆ ಹಾಕಿ. ಸುಣ್ಣ ಸುಡಲು ಸುಮಾರು 900 ಡಿಗ್ರಿ ಶಾಖ ಸಾಕು. ಸುಡುವಾಗ ಬಿಟ್ಟ ಇಂಗಾಲದ ಡೈಆಕ್ಸೈಡಿನ ದೊಡ್ಡ ಪಾಲನ್ನು ಗೋಡೆಯ ಮೇಲೆ ಗಟ್ಟಿಯಾಗುತ್ತಾ ಅದು ಗಾಳಿಯಿಂದ ಮರಳಿ ಹೀರಿಕೊಳ್ಳುತ್ತದೆ.

ಎರಡನೆಯದು ರಸ್ತೆ. ಪ್ರತಿ ಸಲ ಓಣಿಗೆ ಸಿಸಿ ರಸ್ತೆ ಹಾಕುವಾಗ ಹಳೆಯ ರಸ್ತೆಯನ್ನು ಕೀಳದೆ ಅದರ ಮೇಲೆಯೇ ಹಾಕುತ್ತಾರೆ. ನಾಲ್ಕು ಸಲ ಹಾಕಿದರೆ ರಸ್ತೆ ಮೇಲೆ, ಮನೆಯ ಹೊಸ್ತಿಲು ಕೆಳಗೆ. ಓಣಿಯ ನೀರೆಲ್ಲ ಗೋಡೆಯ ಬುಡಕ್ಕೆ. ಮೂರು ತಲೆಮಾರು ನಿಂತ ಗೋಡೆ ಹೊಸ ರಸ್ತೆಯಾದ ಮೇಲೆ ಕೆಲವೇ ಮಳೆಗಾಲದಲ್ಲಿ ಕೂತುಬಿಡುತ್ತದೆ. ದೂರು ಮಾತ್ರ ಮಣ್ಣಿನ ಮೇಲೆ.

ಆದ್ದರಿಂದ ಮಣ್ಣಿನ ಮನೆ ಕಟ್ಟುವವರು ಕಲ್ಲಿನ ತಳಪಾಯವನ್ನು ನೆಲದಿಂದ ಕನಿಷ್ಠ ಒಂದೂವರೆ ಅಡಿ ಎತ್ತರಕ್ಕೆ ತರಲಿ. ತಳಪಾಯ ಮುಗಿದ ಮೇಲೆ ತೇವ ಮೇಲೇರದಂತೆ ಒಂದು ತೆಳು ಕಾಂಕ್ರೀಟಿನ ಪಟ್ಟಿ ಹಾಕಲಿ. ಕಿಡಕಿ, ಬಾಗಿಲಿನ ಮೇಲ್ಮಟ್ಟದಲ್ಲಿ ಸುತ್ತಲೂ ಒಂದು ಕಾಂಕ್ರೀಟಿನ ಪಟ್ಟಿ ಕಟ್ಟಲಿ. ಸೂರು ಗೋಡೆಯಿಂದ ಎರಡು ಅಡಿಯಾದರೂ ಹೊರಗೆ ಚಾಚಲಿ. ಗೋಡೆಯ ಬುಡದಿಂದ ನೀರು ದೂರ ಹರಿಯುವಂತೆ ಇಳಿಜಾರು ಇರಲಿ. ಸಿಮೆಂಟ್ ಇಷ್ಟಕ್ಕೆ ಮಾತ್ರ ಸಾಕು. ನೆರೆ ನೀರು ನಿಲ್ಲುವ ಬೆಣ್ಣಿಹಳ್ಳದ ದಂಡೆಯಲ್ಲಿ ಮಾತ್ರ ಮಣ್ಣಿನ ಗೋಡೆಯ ಯೋಚನೆ ಬೇಡ. ಅಲ್ಲಿ ಕಲ್ಲೋ ಕಾಂಕ್ರೀಟೋ ಸರಿ.

ಇನ್ನೊಂದು ಅಡ್ಡಿ ನಮ್ಮ ಮನಸ್ಸಿನಲ್ಲಿದೆ. ಹೆಣ್ಣು ಕೊಡುವವರು ಬಂದು ನೋಡಿದರೆ ಸ್ಲ್ಯಾಬಿನ ಮನೆ ಕಾಣಬೇಕು ಎಂಬ ಮಾತು ಎಲ್ಲ ಊರಿನಲ್ಲೂ ಇದೆ. ಆದರೆ ಕುಂದಗೋಳದ ನಾಡಿಗೇರ ವಾಡೆ ಸಿಮೆಂಟಿನ ಕಾಲಕ್ಕೂ ಹಿಂದಿನದು. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವದಲ್ಲಿ ಅಲ್ಲಿ ಹಾಡದ ದೊಡ್ಡ ಗಾಯಕರು ಕಡಿಮೆ. ಅಣ್ಣಿಗೇರಿಯ ಅಮೃತೇಶ್ವರ ದೇವಾಲಯ ಸಾವಿರ ವರ್ಷದ ಹತ್ತಿರ ಬಂದಿದೆ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಮರ್ಯಾದೆ ಮನೆಗೆ ಬರುವುದು ಬಾಳಿಕೆಯಿಂದ, ಒಳಗಿನ ತಂಪಿನಿಂದ, ಸಾಲವಿಲ್ಲದ ನೆಮ್ಮದಿಯಿಂದ.

ಹಣದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒತ್ತುಮಣ್ಣಿನ ಮನೆ ಯಾವಾಗಲೂ ಅರ್ಧ ಖರ್ಚಿನಲ್ಲಿ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಾಮಾನಿಗೆ ಕಡಿಮೆಯಾದದ್ದರಲ್ಲಿ ಒಂದಿಷ್ಟು ಕೂಲಿಗೆ ಹೋಗುತ್ತದೆ. ಆದರೆ ಆ ಕೂಲಿ ನಮ್ಮ ಊರಿನ ಗೌಂಡಿಗೆ, ನಮ್ಮ ಓಣಿಯ ಆಳಿಗೆ ಸಿಗುತ್ತದೆ. ಸಿಮೆಂಟಿಗೆ ಕೊಟ್ಟ ರೊಕ್ಕ ಅದೇ ದಿನ ತಾಲ್ಲೂಕಿನ ಗಡಿ ದಾಟುತ್ತದೆ.

ಕಟ್ಟಡದ ಕೆಲಸ ಮಾಡುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಒಂದು ಮಾತು. 1996ರ ಕೇಂದ್ರ ಕಾಯ್ದೆಯಡಿ ಹುಟ್ಟಿದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ಕಟ್ಟಡಗಳ ವೆಚ್ಚದ ಶೇಕಡಾ 1ರಷ್ಟು ಸೆಸ್ ನಿಮಗಾಗಿಯೇ ಅಲ್ಲಿ ಸೇರುತ್ತದೆ. 18ರಿಂದ 60 ವರ್ಷದೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಹೆಸರು ನೋಂದಾಯಿಸಿಕೊಳ್ಳಿ. ಬಿಡದೆ ಕೆಮ್ಮು, ದಮ್ಮು ಇದ್ದರೆ ಡಾಕ್ಟರರಿಗೆ "ನಾನು ಕಲ್ಲಿನ ಧೂಳಿನಲ್ಲಿ ಕೆಲಸ ಮಾಡುತ್ತೇನೆ" ಎಂದು ಮೊದಲೇ ಹೇಳಿ. ಆ ಒಂದು ವಾಕ್ಯದಿಂದ ಚಿಕಿತ್ಸೆಯ ದಿಕ್ಕೇ ಬದಲಾಗಬಹುದು.

ಕೊನೆಯದಾಗಿ ಗ್ರಾಮ ಪಂಚಾಯ್ತಿಯವರಲ್ಲಿ ವಿನಂತಿ. ಹೊಸ ರಸ್ತೆ ಹಾಕುವ ಮುಂಚೆ ಹಳೆಯದನ್ನು ಕಿತ್ತು, ಹೊಸ್ತಿಲಿಗಿಂತ ಕೆಳಗೆ ಉಳಿಸಿ. ಮಣ್ಣಿನ ಇಟ್ಟಂಗಿ ಒತ್ತುವ ಯಂತ್ರವೊಂದನ್ನು ತರಿಸಿ, ಬಾಡಿಗೆಗೆ ಕೊಡಿ. ಜಿಲ್ಲೆಯ ನಿರ್ಮಿತಿ ಕೇಂದ್ರದವರನ್ನು ಕರೆಸಿ ನಮ್ಮ ಗೌಂಡಿಗಳಿಗೆ ತರಬೇತಿ ಕೊಡಿಸಿ. ಜನ ಮಾತಿಗಿಂತ ಕಣ್ಣನ್ನು ನಂಬುತ್ತಾರೆ. ಮಸಾರಿ ಮಣ್ಣಿರುವ ಒಂದು ಊರಿನಲ್ಲಿ ಮುಂದಿನ ಅಂಗನವಾಡಿಯನ್ನು ಒತ್ತುಮಣ್ಣಿನ ಗೋಡೆ, ಹೆಂಚಿನ ಚಾವಣಿಯಲ್ಲಿ ಕಟ್ಟಿ ತೋರಿಸಿ. ಬೇಸಿಗೆಯ ಮಧ್ಯಾಹ್ನ ಮಕ್ಕಳು ಅಲ್ಲಿ ಹಾಯಾಗಿ ಮಲಗಿದ್ದನ್ನು ತಾಯಂದಿರು ನೋಡಿದರೆ, ಊರಿನ ಮುಂದಿನ ಹತ್ತು ಮನೆಗಳ ನಕ್ಷೆಯನ್ನು ಅವರೇ ಬದಲಿಸುತ್ತಾರೆ.